ಮಾವನ ಮೊಪೆಡ್ಡಿನ ಹಿಂದೆ ಹತ್ತು ಕಿಲೋಮೀಟರು

ನಾನು ಹುಣಸೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ನಲವತ್ತು ದಾಟಿದ ಮೇಲೆ ಓಟದ ಹುಚ್ಚು ಹತ್ತಿತು. ಹೋದ ವರ್ಷ ಮೈಸೂರಿನಲ್ಲಿ ಮ್ಯಾರಥಾನಿಗೆ ನಿಂತೆ. ಹೊರಟ ಕೂಡಲೇ ಎದ್ದೆನೋ ಬಿದ್ದೆನೋ ಎಂದು ಓಡಿ, ಅರ್ಧ ದಾರಿಗೇ ತಲೆ ಸುತ್ತಿ ಬಿದ್ದೆ. ಹೆಂಡತಿ ಬರುವಷ್ಟರಲ್ಲಿ ನನ್ನ ಕೈಗೆ ಡ್ರಿಪ್ ಹಾಕಿದ್ದರು. ಅವತ್ತು ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈ ವರ್ಷ ಮತ್ತೆ ಓಡುತ್ತೇನೆ ಎಂದಾಗ ಅವಳು ಷರತ್ತು ಹಾಕಿದಳು. ಮ್ಯಾರಥಾನಿಗೆ ಕೆಲವು ವಾರ ಮುಂಚೆ ಪಿರಿಯಾಪಟ್ಟಣದಲ್ಲಿ ಮುಗಿಯುವ ಹತ್ತು ಕಿಲೋಮೀಟರಿನ ಓಟವೊಂದಿತ್ತು.

"ಅದ್ನ ಮೊದ್ಲಿಂದ ಕೊನೇಗಂಟ ಒಂದೇ ಸಮ ಓಡಿ ತೋರ್ಸಿ. ಅಲ್ಲೂ ಮೈಮೇಲೆ ಬಂದೋರಂಗೆ ಓಡಿದ್ರೆ ಮೈಸೂರಿನ ಮಾತೇ ಬ್ಯಾಡ," ಅಂದಳು.

ಅದೇನು ಮಹಾ ಅಂದುಕೊಂಡೆ. ಇಂಥ ಸಣ್ಣ ಓಟ ಗೆಲ್ಲುವುದಕ್ಕಲ್ಲ, ಕಾಲಿಗೆ ಹದ ಕಲಿಸುವುದಕ್ಕೆ ಎಂದು ಯೂರಿಯಾ ಕೇಳಿ ಬಂದವರಿಗೆಲ್ಲ ಆಗಲೇ ಭಾಷಣ ಬಿಗಿದಿದ್ದೆ. ಮೊದಲರ್ಧ ಕಾಲನ್ನು ಹಿಡಿದಿಟ್ಟುಕೊಳ್ಳಬೇಕು. ಯಾರು ಮುಂದೆ ಹೋದರೂ ತಲೆ ಕೆಡಿಸಿಕೊಳ್ಳಬಾರದು.

ನಾನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಒಂದೇ. ಓಟದ ದಾರಿ ಕಂಪಲಾಪುರವನ್ನು ಹಾದುಹೋಗುತ್ತಿತ್ತು. ಅಲ್ಲಿ ರಸ್ತೆಗೇ ಬಾಗಿಲಿರುವ ಮನೆ ನನ್ನ ಹೆಂಡತಿಯ ತವರು.

ಅಳಿಯನಾದವನು ಅತ್ತೆ ಮನೆಯ ಮುಂದೆ ಬಂದರೆ ಒಳಗೆ ಹೋಗಿ ಕಾಫಿ ಕುಡಿಯಬೇಕು. ಆಗದಿದ್ದರೆ ಪುರುಸೊತ್ತಿಲ್ಲದ ದೊಡ್ಡ ಮನುಷ್ಯನಂತೆ ದಾಟಿ ಹೋಗಬೇಕು. ಚಡ್ಡಿ ಹಾಕಿಕೊಂಡು ತೆವಳುತ್ತ ಹೋಗುವಂತಿಲ್ಲ. ಅವತ್ತು ನನ್ನ ಮುಂದೆ ಹೈಸ್ಕೂಲಿನ ಇಬ್ಬರು ಹುಡುಗಿಯರು ಹರಟುತ್ತ ಓಡುತ್ತಿದ್ದರು. ಜಗಲಿಯ ತುಂಬ ಜನ: ಅತ್ತೆ, ಅತ್ತೆಯ ತಂಗಿ, ಅಕ್ಕಪಕ್ಕದ ಮನೆಯವರು, ನನ್ನ ಮದುವೆಯಲ್ಲೂ ಕಾಣದ ಯಾರ್ಯಾರೋ. ಹದ, ಭಾಷಣ ಎಲ್ಲ ಗಾಳಿಗೆ ಹೋಯಿತು. ಹುಡುಗಿಯರನ್ನು ಹಿಂದಿಕ್ಕಿ, ಎದೆಯುಬ್ಬಿಸಿ, ಬಿದ್ದಂಬೀಳ ಓಡಿದೆ.

"ಕಾಪಿ ಕಾಯ್ಸಿವ್ನಿ, ನಿಂತ್ಕಳಿ ಅಳಿಯಂದ್ರೆ," ಎಂದು ಅತ್ತೆ ಕೂಗಿದರು. ನಿಲ್ಲಲಿಲ್ಲ.

ಊರು ದಾಟಿ ತಿರುವಿನಲ್ಲಿ ಮರೆಯಾದ ಕೂಡಲೇ ಉಸಿರು ಗಂಟಲಿಗೆ ಬಂತು. ಕಣ್ಣು ಮಂಜಾಯಿತು. ಹೋದ ವರ್ಷವೂ ಹೀಗೇ ಶುರುವಾಗಿತ್ತು. ನಿಜಕ್ಕೂ ಹೆದರಿದೆ.

ಆಗ ಹಿಂದಿನಿಂದ ಮೊಪೆಡ್ ಸದ್ದು ಕೇಳಿತು. ಮಾವ. ಪಂಚೆ ಎತ್ತಿ ಕಟ್ಟಿ, ಗಾಡಿಯ ಹಿಂದೆ ದೊಡ್ಡ ಹುಲ್ಲಿನ ಹೊರೆ ಹೇರಿಕೊಂಡು ಬಂದವರು ನನ್ನನ್ನು ದಾಟಿ, ನನ್ನ ಮುಂದೆಯೇ ನಿಧಾನಕ್ಕೆ ಹೊರಟರು.

ಅವರೆದುರು ನಾನು ಇವತ್ತಿನವರೆಗೆ ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ಇನ್ನು ಅವರನ್ನೇ ಹಿಂದಿಕ್ಕಿ ಓಡುವುದೆಂದರೇನು? ಎಡಕ್ಕೆ ನೋಡಿದರೂ ಹುಲ್ಲು, ಬಲಕ್ಕೆ ನೋಡಿದರೂ ಹುಲ್ಲು. ಹುಡುಗಿಯರು ಕಿಸಕಿಸ ನಗುತ್ತ ನನ್ನನ್ನು ದಾಟಿ ಹೋದರು. ಮೊಪೆಡ್ಡಿನ ಹೊಗೆ ಕುಡಿಯುತ್ತ, ಮಾವನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಹಿಂದೆ ಹಿಂದೆ ಓಡಿದೆ. ಬೈದು ಬೈದು ಸಾಕಾಗುವ ಹೊತ್ತಿಗೆ ಉಸಿರು ಹತೋಟಿಗೆ ಬಂದಿತ್ತು. ಪಿರಿಯಾಪಟ್ಟಣ ಮುಟ್ಟಿದಾಗ ಇನ್ನೂ ಇಷ್ಟೇ ದೂರ ಓಡಬಲ್ಲೆ ಅನ್ನಿಸಿತು.

ಹೆಂಡತಿ ಅಲ್ಲೇ ಕಾದಿದ್ದಳು. ಬಂದವಳೇ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ನೋಡ್ದ್ಯಾ, ಒಂದೇ ಸಮ ಬಂದೆ," ಅಂದೆ. ಅವಳು ಅಪ್ಪನ ಮುಖ ನೋಡಿದಳು. ಅವರು ಹುಲ್ಲಿನ ಹಗ್ಗ ಬಿಗಿ ಮಾಡುತ್ತಿದ್ದರು.

"ಹುಲ್ಲು ಯಾರಿಗೆ ಮಾವ?" ಎಂದು ಕೇಳಿದೆ.

"ಯಾರ್ಗೂ ಇಲ್ಲ. ನಿಮ್ಗೆ ಅನುಮಾನ ಬರ್ದೆ ಇರ್ಲಿ ಅಂತ ಹೇರ್ಕಂಡೆ," ಅಂದರು. "ನಮ್ಮನೆ ಮುಂದೆ ಬಂದೇಟ್ಗೆ ನಿಮ್ಗೆ ತಡ್ಕಳಕ್ಕಾಗಕಿಲ್ಲ, ಗಾಡಿ ತೆಗ್ದಿಟ್ಕಂಡಿರು ಅಂತ ಇವ್ಳು ನೆನ್ನೆನೇ ಫೋನ್ ಮಾಡಿದ್ಲು."

ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಇಬ್ಬರೂ ಸೇರಿ ಮಾನ ಕಳೆದರಲ್ಲ ಎಂದು ಏನಾದರೂ ಅನ್ನಬೇಕೆಂದಿದ್ದೆ. ಆದರೆ ಅವಳ ಬೆರಳು ಇನ್ನೂ ನನ್ನ ನಾಡಿಯ ಮೇಲಿತ್ತು, ಬಡಿತ ಎಣಿಸುತ್ತಿತ್ತು.

"ಮೈಸೂರಲ್ಲಿ ಗಾಡಿ ಬುಡಕಿಲ್ವಲ್ಲಪ್ಪ," ಎಂದಳು ಅವಳು, ಅಪ್ಪನಿಗೆ.

"ಮುಂದ್ಗಡೆ ನಾನ್ ಹೋಯ್ತಾ ಇವ್ನಿ ಅನ್ಕಂಡು ಓಡ್ತಾರೆ ಬುಡವ್ವ," ಎಂದರು ಮಾವ. "ಅಳಿಯಂದ್ರು ನನ್ನ ದಾಟಕಿಲ್ಲ."

ಅವಳು ನನ್ನ ಕೈ ಬಿಟ್ಟಳು. "ಮೈಸೂರ್ಗೆ ಹೆಸ್ರು ಕೊಡಿ ಹೋಗಿ," ಅಂದಳು.