ಚೋಕ್ ತೆಗೆದುಕೊಂಡು ಮೇಡ್ಲೇರಿಗೆ

ಇಸವಿ ಎರಡು ಸಾವಿರದ ನಾಲ್ಕು. ನನಗಾಗ ಐವತ್ತೆರಡು ವರ್ಷ. ಪ್ರೌಢಶಾಲೆಯಲ್ಲಿ ಇಪ್ಪತ್ತೇಳು ವರ್ಷ ಕನ್ನಡ ವ್ಯಾಕರಣವನ್ನು ಕಲಿಸಿ, ಸ್ವಇಚ್ಛೆಯಿಂದ ನಿವೃತ್ತನಾಗಿ ಹಾವೇರಿಯ ಮನೆಯಲ್ಲಿದ್ದೆ. ಆ ವರ್ಷದ ಡಿಸೆಂಬರಿನ ಒಂದು ಮುಂಜಾನೆ ಏಳೂ ಕಾಲಿಗೆ ನಾನೂ ನನ್ನ ಹೆಂಡತಿ ಸುಮಂಗಲೆಯೂ ನಮ್ಮ ಹಳೆಯ ಸಣ್ಣ ಕಾರಿನಲ್ಲಿ ಬ್ಯಾಡಗಿಯ ಮಾರ್ಗವಾಗಿ ರಾಣೇಬೆನ್ನೂರಿಗೆ ಹೊರಟೆವು. ರಾಣೇಬೆನ್ನೂರಿನಲ್ಲಿ ಕಾರನ್ನು ಮಾರಿ, ಅಲ್ಲಿಂದ ಮುಂದೆ ಬಸ್ಸಿನಲ್ಲಿ ಮೇಡ್ಲೇರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ನಿಶ್ಚಯ ಸುಮಂಗಲೆಯದು, ನಾನು ಒಪ್ಪಿದವನು ಮಾತ್ರ.

ಕಾರನ್ನು ಕೊಂಡದ್ದಾದರೂ ಅವಳಿಗಾಗಿಯೇ. ಅವಳ ಅಕ್ಕ ಗಂಗಕ್ಕ ಮೇಡ್ಲೇರಿಯಲ್ಲಿದ್ದಾಳೆ. ಸೊಂಟದ ಮೂಳೆ ಮುರಿದ ಮೇಲೆ ಆಕೆ ಊರು ಬಿಟ್ಟು ಕದಲುವಂತಿರಲಿಲ್ಲ. ಸುಮಂಗಲೆಗೆ ಬಸ್ಸು ಹತ್ತಿದರೆ ವಾಂತಿ. ಮೋಟೆಬೆನ್ನೂರು ದಾಟುವುದರೊಳಗೆ ಮುಖ ಬೆಳ್ಳಗಾಗುತ್ತಿತ್ತು. ಕಾರಿನ ಮುಂದಿನ ಆಸನದಲ್ಲಿ ಕಿಟಕಿ ತೆರೆದು ಕುಳಿತರೆ ಏನೂ ಆಗುತ್ತಿರಲಿಲ್ಲ. ಕಾರು ಹೋದರೆ ಅಕ್ಕ-ತಂಗಿಯರ ಭೇಟಿ ವರ್ಷಕ್ಕೊಮ್ಮೆ ಆದೀತೋ ಇಲ್ಲವೋ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಕಾಗಿನೆಲೆಯಲ್ಲಿ ಯಾತ್ರಿಕರ ಎದುರು ರೇಷ್ಮೆ ಸೀರೆಯನ್ನು ಎತ್ತಿ ಕಟ್ಟಿ ಕಾರು ನೂಕಿದ ದಿನವೇ ಅವಳು ಹೇಳಿಬಿಟ್ಟಿದ್ದಳು: "ವಾಂತಿ ಮಾಡ್ಕೊಂಡಾದ್ರೂ ಬಸ್ಸಿಗೆ ಹೋಗ್ತೇನಿ. ಇದನ್ನ ಮತ್ತೊಮ್ಮೆ ದೂಡಂಗಿಲ್ಲ."

ಕಾರಿನ ವಿವರ ಹೀಗಿತ್ತು. ವಯಸ್ಸು ಹನ್ನೆರಡು, ಪೆಟ್ರೋಲ್ ಇಂಜಿನ್ನು, ಸಾಲಾಗಿ ಮೂರು ಸಿಲಿಂಡರು, ಒಟ್ಟು ಏಳುನೂರ ತೊಂಬತ್ತಾರು ಸಿ.ಸಿ.; ಹಳೆಯ ಕಾಲದ ಕಾರ್ಬ್ಯುರೇಟರು; ನಾಲ್ಕು ಗೇರು. ಕಿಡಿ ಹಾರುವ ಕ್ರಮ ಒಂದು, ಮೂರು, ಎರಡು. ಇಂಥ ಇಂಜಿನ್ನುಗಳಿಗೆ ಬರುವ ಸಾಮಾನ್ಯ ದೋಷಗಳನ್ನೂ ನಾನು ಬರೆದಿಟ್ಟುಕೊಂಡಿದ್ದೆ: ಪಾಯಿಂಟು ಸವೆಯುವುದು, ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಕಸ ಸಿಗುವುದು, ಪೆಟ್ರೋಲ್ ಪಂಪಿನ ರಬ್ಬರು ಹರಿಯುವುದು, ರೇಡಿಯೇಟರಿನ ಫ್ಯಾನು ತಿರುಗದೆ ಹೆಡ್ ಗ್ಯಾಸ್ಕೆಟ್ ಸುಡುವುದು. ಕೊಂಡ ಏಳು ತಿಂಗಳಲ್ಲಿ ನಮ್ಮ ಕಾರು ಹನ್ನೊಂದು ಸಲ ದಾರಿಯಲ್ಲಿ ನಿಂತಿತ್ತು. ಪ್ಲಗ್ಗು ಬಿಚ್ಚಿದರೆ ಪ್ರತಿಸಲವೂ ಕಾಡಿಗೆಯಂತೆ ಕಪ್ಪು. ಲೀಟರಿಗೆ ಹದಿನಾರು ಕಿಲೋಮೀಟರು ಓಡಬೇಕಾದದ್ದು ಒಂಬತ್ತು ಓಡುತ್ತಿತ್ತು. ಹಾವೇರಿಯ ಶಂಕ್ರಪ್ಪ ಮಿಸ್ತ್ರಿ ನನ್ನ ಪಟ್ಟಿಯಲ್ಲಿದ್ದುದನ್ನೆಲ್ಲ ತಪಾಸಣೆ ಮಾಡಿ ಕೈಚೆಲ್ಲಿದ್ದ. "ನನ್ನ ಕೈಯಾಗ ಬೆಣ್ಣಿಹಂಗ ಓಡ್ತೈತ್ರಿ ಸರ. ನಿಮ್ಮ ಕೈಗೆ ಬಂದ್ರ ಮಾರಿ ಸಿಂಡರಿಸ್ತೈತಿ" ಎಂದು ಅವನು ಹೇಳುತ್ತಿದ್ದುದನ್ನು ನಾನು ಬರಿಯ ಜಾರಿಕೊಳ್ಳುವ ಮಾತೆಂದು ತಿಳಿದಿದ್ದೆ.

ಅಂದು ಹೊರಡುವಾಗ ಚಳಿ ಚೆನ್ನಾಗಿಯೇ ಇತ್ತು. ಕಾರನ್ನು ಚಾಲೂ ಮಾಡುವ ಕ್ರಮವನ್ನು ಶಂಕ್ರಪ್ಪನೇ ಮೊದಲ ದಿನ ಹೇಳಿಕೊಟ್ಟಿದ್ದ. ನಾನು ಡ್ರೈವಿಂಗ್ ಕಲಿತದ್ದು ಡೀಸೆಲ್ ಜೀಪಿನಲ್ಲಿ. ಅದರಲ್ಲಿ ಚೋಕ್ ಎಂಬ, ಹಿಡಿದು ಎಳೆಯುವ ಗುಂಡಿಯಂಥ ಗುಬುಟು ಇರಲಿಲ್ಲ. ಆದ್ದರಿಂದ ಅವನ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದೆ: "ಗಾಡಿ ಚಾಲೂ ಆದ ಮ್ಯಾಲ ಚೋಕ್ ತಗೀರಿ." ಆರು ಸಲ ಕೀಲಿ ತಿರುಗಿಸಿದ ಮೇಲೆ ಇಂಜಿನ್ನು ಚಾಲೂ ಆಯಿತು. ಕೂಡಲೇ ಗುಬುಟನ್ನು ಹಿಡಿದು ಹೊರಕ್ಕೆ ಎಳೆದೆ. ಪೂರ್ತಿ ಎಳೆದರೆ ಇಂಜಿನ್ನು ಉಸಿರುಗಟ್ಟಿ ನಿಲ್ಲುತ್ತಿದ್ದುದರಿಂದ, ಅನುಭವದಿಂದ ಕಲಿತಂತೆ ಅರ್ಧಕ್ಕೇ ಬಿಟ್ಟೆ.

ಹೆದ್ದಾರಿಯಲ್ಲಿ ನಾಲ್ಕು ಪಥದ ಕೆಲಸ ನಡೆದಿತ್ತು. ಲಾರಿಗಳ ಹಿಂದೆ ಧೂಳು ಕುಡಿಯುತ್ತ, ಮೋಟೆಬೆನ್ನೂರಿನಲ್ಲಿ ಬಲಕ್ಕೆ ತಿರುಗಿ, ಎಂಟೂವರೆಗೆ ಬ್ಯಾಡಗಿಯನ್ನು ಮುಟ್ಟಿದೆವು. ಗಂಗಕ್ಕನಿಗೆ ಎರಡು ಕಿಲೋ ಮೆಣಸಿನಕಾಯಿ ಕೊಳ್ಳುವುದಿತ್ತು. ಹೊಸ ಮಾಲು ಬರಲು ಆರಂಭವಾಗಿದ್ದ ದಿನಗಳು. ಚೀಲಗಳ ನಡುವೆ ಸುಮಂಗಲೆ ನಿಂತು, ಒಂದು ಕಾಯನ್ನು ಮುರಿದು, ಬಣ್ಣ ನೋಡಿ, ಮೂಸಿ, ಮೂರನೆಯ ಅಂಗಡಿಯಲ್ಲಿ ಒಪ್ಪಿಕೊಂಡಳು. ಅಲ್ಲಿಯೇ ಮಂಡಕ್ಕಿ, ಮಿರ್ಚಿ ತಿಂದು ಚಹಾ ಕುಡಿದೆವು. ಬಂದು ಕೀಲಿ ತಿರುಗಿಸಿದರೆ ಕಾರು ಎರಡು ಸಲ ಬುಸುಗುಟ್ಟಿ ಸುಮ್ಮನಾಯಿತು. ಹನ್ನೆರಡನೆಯ ಸಲ.

ಮೂವರು ಹಮಾಲರು ಚೀಲ ಇಳಿಸಿ ನೂಕಲು ಬಂದರು. "ಗಾಡಿಗೂ ಮೆಣಸಿನಕಾಯಿ ಘಾಟ ಹತ್ತೇತಲ್ರಿ ಮಾಸ್ತರ! ಕೆಮ್ಮಾಕತ್ತೈತಿ" ಎಂದ ಅವರಲ್ಲೊಬ್ಬ.

"ಕೆಮ್ಮುವುದು ಪ್ರಾಣವಿರುವ ವಸ್ತು" ಎಂದೆ ನಾನು.

"ಹಂಗಾದ್ರ ಇದು ಸತ್ತೈತಿ ಬಿಡ್ರಿ. ಏ, ಹೆಗಲ ಕೊಡ್ರೋ!"

ಸುಮಂಗಲೆ ಮೆಣಸಿನಕಾಯಿಯ ಚೀಲವನ್ನು ಎದೆಗವಚಿಕೊಂಡು ದೂರದಲ್ಲಿ ನಿಂತಿದ್ದಳು. ಮಾತಿನಂತೆಯೇ ಅವಳು ನೂಕಲಿಲ್ಲ. ಕಾರು ಒಮ್ಮೆ ಜಿಗಿದು ಚಾಲೂ ಆಯಿತು. ನಾನು ತಪ್ಪದೆ ಗುಬುಟನ್ನು ಎಳೆದೆ.

ಅಲ್ಲಿಂದ ರಾಣೇಬೆನ್ನೂರಿಗೆ ಇಪ್ಪತ್ತು ಕಿಲೋಮೀಟರಿನ ಮೇಲೆ. ದಾರಿಯುದ್ದಕ್ಕೂ ಹಿಂದೆ ಕಪ್ಪು ಹೊಗೆ ಬರುತ್ತಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಹಳೆಯ ಕಾರುಗಳನ್ನು ಕೊಂಡು, ಬಿಚ್ಚಿ, ಬಿಡಿಭಾಗ ಮಾರುವ ಮಲ್ಲೇಶಪ್ಪನ ಗ್ಯಾರೇಜು ಊರ ಹೊರಗೆ ಹೆದ್ದಾರಿಯ ಮಗ್ಗುಲಿಗಿತ್ತು. ಅವನು ನಲವತ್ತರ ಆಸುಪಾಸಿನ, ದೊಡ್ಡ ದನಿಯ ಮನುಷ್ಯ. ಬಾನೆಟ್ಟು ಎತ್ತಿ ನೋಡಿದ, ಎಣ್ಣೆಯ ಕಡ್ಡಿಯನ್ನು ಎಳೆದು ಮೂಸಿದ.

"ಬರ್ರಿ ಸರ, ಒಂದ ರೌಂಡ್ ಹೊಡ್ಯೂಣು. ನೀವ ಓಡಸ್ರಿ. ಮಾಲಕನ ಕೈಯಾಗ ಗಾಡಿ ಹೆಂಗ ಓಡ್ತೈತಿ ಅಂತ ನಾ ನೋಡಾಂವ."

ಅವನು ಮುಂದೆ ಕುಳಿತ, ಸುಮಂಗಲೆ ಹಿಂದೆ. ದೈವವಶಾತ್ ಕಾರು ಮೂರನೆಯ ಸಲಕ್ಕೇ ಚಾಲೂ ಆಯಿತು. ನಾನು ಗುಬುಟನ್ನು ಎಳೆದೆ.

"ಏ ಸರ, ಸರ! ಅದನ್ಯಾಕ ಎಳದ್ರಿ?"

"ಚೋಕ್ ತೆಗೆದೆ."

"ಎಲ್ಲಿ ತಗದ್ರಿ? ಹಾಕಿದ್ರಿ!"

"ಹಾಕುವುದೆಂದರೆ ಒಳಕ್ಕೆ ಹಾಕುವುದು. ಹೊರಕ್ಕೆ ಎಳೆದರೆ ಅದು ತೆಗೆಯುವುದು" ಎಂದೆ.

ಮಲ್ಲೇಶಪ್ಪ ಹಿಂದಕ್ಕೆ ತಿರುಗಿದ. "ಅಕ್ಕಾರ, ಸರ ಯಾವಾಗಿಂದ ಹಿಂಗ ತಗ್ಯಾಕತ್ತಾರ?"

"ಗಾಡಿ ತಗೊಂಡಾಗಿಂದ" ಎಂದಳು ಅವಳು.

ಆಗ ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಚೋಕ್ ಎಂದರೆ ಕಾರ್ಬ್ಯುರೇಟರಿನ ಬಾಯಿಯಲ್ಲಿರುವ ಒಂದು ತಗಡಿನ ಮುಚ್ಚಳ. ಗುಬುಟನ್ನು ಎಳೆದರೆ ಆ ಮುಚ್ಚಳ ಮುಚ್ಚಿಕೊಂಡು ಗಾಳಿ ಕಡಿಮೆಯಾಗುತ್ತದೆ, ಪೆಟ್ರೋಲು ಹೆಚ್ಚುತ್ತದೆ. ತಣ್ಣಗಿರುವ ಇಂಜಿನ್ನು ಚಾಲೂ ಆಗಲು ಮಾತ್ರ ಅದು ಬೇಕು. ಅದನ್ನು 'ಚೋಕ್ ಹಾಕುವುದು' ಎನ್ನುತ್ತಾರೆ. ಚಾಲೂ ಆಗಿ ಬಿಸಿಯಾದ ಮೇಲೆ ಗುಬುಟನ್ನು ಒಳಕ್ಕೆ ಒತ್ತಬೇಕು. ಅದೇ 'ಚೋಕ್ ತೆಗೆಯುವುದು.' ನಾನು ಬೇಕಾದಾಗ ಹಾಕದೆ, ಬೇಡವಾದಾಗ ಎಳೆದು, ಏಳು ತಿಂಗಳು ಆ ಇಂಜಿನ್ನಿನ ಮೂಗು ಹಿಡಿದುಕೊಂಡೇ ಓಡಿಸಿದ್ದೆ. ಕಾರನ್ನು ಎಲ್ಲಿ ನಿಲ್ಲಿಸಿದರೂ, ಶಂಕ್ರಪ್ಪನ ಗ್ಯಾರೇಜಿನ ಮುಂದೆಯೂ, ಅಚ್ಚುಕಟ್ಟಾಗಿರಲೆಂದು ಗುಬುಟನ್ನು ಒಳಕ್ಕೆ ಒತ್ತಿ ಬಿಡುತ್ತಿದ್ದೆ. ಮಿಸ್ತ್ರಿಯ ಕೈಯಲ್ಲಿ ಕಾರು ಬೆಣ್ಣೆಯಂತೆ ಓಡದೆ ಇನ್ನೇನು ಮಾಡೀತು!

ಸುಮಂಗಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಲ್ರೀ, ಬಾಗಲಾ ತಗೀರಿ ಅಂದ್ರ ತೆರೀತೀರಿ. ಅಂಗಿ ತಗೀರಿ ಅಂದ್ರ ಬಿಚ್ಚತೀರಿ. ಚೋಕ್ ಒಂದಕ್ಕ ಏನಾಗಿತ್ತ ನಿಮಗ?"

'ತೆಗೆ' ಎಂಬ ಧಾತುವಿಗೆ ಹೊರಕ್ಕೆ ಸೆಳೆ ಎಂಬ ಅರ್ಥವೂ ಉಂಟು, ಬಾವಿಯಿಂದ ನೀರು ತೆಗೆಯುವುದಿಲ್ಲವೇ ಎಂದು ನಾನು ವಾದಿಸಿದೆ. ವಾದದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಬೇರೆ ಕಡೆ: ತರಗತಿಯಲ್ಲಿ ಸಂದೇಹವಿದ್ದರೆ ಎದ್ದು ನಿಂತು ಕೇಳಿರೆಂದು ಮಕ್ಕಳಿಗೆ ಹೇಳುತ್ತಿದ್ದ ನಾನು, ಮಿಸ್ತ್ರಿಯನ್ನು ಎರಡನೆಯ ಸಲ ಕೇಳಿರಲಿಲ್ಲ. ಅವನ ಭಾಷೆಯಲ್ಲಿ ಕೇಳಿ ತಿಳಿಯುವಂಥದ್ದು ಏನಿದ್ದೀತು ಎಂದುಕೊಂಡಿದ್ದೆ.

ಮಲ್ಲೇಶಪ್ಪ ಮೂರೂ ಪ್ಲಗ್ಗುಗಳನ್ನು ಬಿಚ್ಚಿ, ಉಸುಕಿನ ಕಾಗದದಿಂದ ತಿಕ್ಕಿ ಕೂಡಿಸಿದ. ಆಮೇಲೆ ಹಣೆ ಬಡಿದುಕೊಂಡ. "ನನ್ನ ಬಾಯಿಗಿಷ್ಟು ಬೀಗ ಹಾಕ್ಕೊಂಡಿದ್ರ ಈ ಹೊತ್ತಿಗೆ ಗಾಡಿ ನಂದಾಗಿರ್ತಿತ್ತು. ಹೇಳ್ರಿ ಅಕ್ಕಾರ, ಕೊಡ್ತೀರೋ ಇಲ್ಲೋ?"

"ಕೊಡ್ತೇವಿ ಅಂತನೂ ಹೇಳಂಗಿಲ್ಲ, ಇಟ್ಕೊಂತೇವಿ ಅಂತನೂ ಹೇಳಂಗಿಲ್ಲ" ಎಂದಳು ಸುಮಂಗಲೆ. "ಒಂದ ತಿಂಗಳ ನೋಡೂಣು. ನಡುವ ಒಮ್ಮೆ ನಿಂತ್ರೂ ನಿಮಗ ಕೊಡೂದ."

ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟ ಮಾಡಿ ಒಂದೂವರೆಗೆ ಮೇಡ್ಲೇರಿಯ ದಾರಿ ಹಿಡಿದೆವು. ಗುಬುಟು ಒಳಗಿತ್ತು. ಮೂರು ಸಿಲಿಂಡರುಗಳೂ ಒಂದೇ ಲಯದಲ್ಲಿ ಓಡುವ ಸದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಬಿಸಿಲು ಹದವಾಗಿತ್ತು, ನೀರಾವರಿಯ ಗದ್ದೆಗಳ ಮೇಲಿಂದ ತಂಪು ಗಾಳಿ ಬರುತ್ತಿತ್ತು. ಅರ್ಧ ದಾರಿಯಲ್ಲಿ ಸುಮಂಗಲೆ "ನಿಲ್ಲಸ್ರಿ" ಎಂದಳು. ಹೊಟ್ಟೆ ತೊಳಸುತ್ತಿದೆಯೇನೋ ಎಂದು ನಿಲ್ಲಿಸಿದೆ.

"ಬಂದ್ ಮಾಡ್ರಿ. ಈಗ ಚಾಲೂ ಮಾಡ್ರಿ."

ಬಿಸಿ ಇಂಜಿನ್ನು ಒಂದೇ ಸಲಕ್ಕೆ ಚಾಲೂ ಆಯಿತು. ಅವಳು ಇನ್ನೆರಡು ಸಲ ಮಾಡಿಸಿದಳು. ಆಮೇಲೆ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ ಹೊರಗೆ ನೋಡುತ್ತ ಕುಳಿತಳು.

ಗಂಗಕ್ಕ ಕಟ್ಟೆಯ ಮೇಲೆ ಕೋಲು ಹಿಡಿದು ಕುಳಿತಿದ್ದಳು. "ಬಸ್ಸಿಗೆ ಬರ್ತೇವಿ ಅಂದಿದ್ರಿ! ಯಾರ್ ದೂಡಿದ್ರವ್ವ ಇಲ್ಲಿ ತನಕಾ?" ಎಂದು ಕೂಗಿದಳು. ಅಕ್ಕ-ತಂಗಿಯರು ಎರಡು ತಾಸು ಒಳಗೆ ಕುಳಿತು ಮಾತಾಡಿದರು. ನಡುನಡುವೆ ನಗು ಕೇಳಿಬರುತ್ತಿತ್ತು. ಅದು ಯಾವ ಧಾತುವಿನ ಕುರಿತಾದದ್ದೆಂದು ಊಹಿಸಬಲ್ಲವನಾಗಿದ್ದೆ. ನಾನು ಹೊಳೆಯ ಕಡೆಗೆ ನಡೆದುಹೋಗಿ ಬಂದೆ. ನಾಲ್ಕೂವರೆಗೆ ಹೊರಟು, ಎಲ್ಲಿಯೂ ನಿಲ್ಲದೆ, ದೀಪ ಹಚ್ಚುವ ಹೊತ್ತಿಗೆ ಹಾವೇರಿಯನ್ನು ಸೇರಿದೆವು.

ಒಂದು ತಿಂಗಳ ಗಡುವು ಕಳೆಯಿತು. ಕಾರು ಒಮ್ಮೆಯೂ ನಿಲ್ಲಲಿಲ್ಲ. ಆಸೆ ಬಿಡದ ಮಲ್ಲೇಶಪ್ಪ ಹಾವೇರಿಗೆ ಬೇರೆ ಕೆಲಸಕ್ಕೆ ಬಂದವನು ನಮ್ಮ ಮನೆಗೂ ಬಂದ. ಸುಮಂಗಲೆ ಅವನ ಕೈಗೆ ಚಹಾ ಕೊಟ್ಟು ಹೇಳಿದಳು: "ಗಾಡಿ ಕೊಡಂಗಿಲ್ರಿ. ನಾನ ಓಡ್ಸಾಕ ಕಲ್ಯಾಕತ್ತೇನಿ."

"ಹೌದ್ರಿ? ಸರ ಕಲಸಾಕತ್ತಾರೇನು?"

"ಇಲ್ರಿ. ಸರ ಹಿಂದ ಕುಂದರ್ತಾರ."

ಮಲ್ಲೇಶಪ್ಪ ಚಹಾ ಮುಗಿಸಿ, ಬೇರೆ ಹಳೆಯ ಗಾಡಿ ಇದ್ದರೆ ತಿಳಿಸಿರೆಂದು ಹೇಳಿ ಹೋದ. ಅಂದು ಎರಡು ಸಾವಿರದ ಐದನೆಯ ಇಸವಿ, ಜನವರಿ ತಿಂಗಳ ಇಪ್ಪತ್ತಮೂರನೆಯ ತಾರೀಖು, ಭಾನುವಾರ.