ಬೆರಳಿಗೆ ಓಗೊಡದ ಒಲೆ

ಕೆಟ್ಟ ಇಂಡಕ್ಷನ್ ಒಲೆಯನ್ನು ಹಳೆಯ ಶಾಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ವಾಡಿಯಿಂದ ಶಹಾಬಾದಿನ ಬಸ್ಸು ಹತ್ತಿದವಳು ನಾನು. ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ಶಾಲಿನ ಕಡೆ ನೋಡಿ, ದನಿ ತಗ್ಗಿಸಿ, “ಕೂಸು ಮಲಗ್ಯಾದೇನ್ರಿ?” ಎಂದು ಕೇಳಿದಳು. “ಸತ್ತದ್ರಿ” ಎಂದೆ. “ಒಲಿ ರೀ, ಒಲಿ!” ಎಂದು ಶಾಲು ಸರಿಸಿ ತೋರಿಸುವಷ್ಟರಲ್ಲಿ ಆಕೆ ಎದೆ ಹಿಡಿದುಕೊಂಡು ಮುಂದಿನ ಸೀಟಿಗೆ ಹೋಗಿಬಿಟ್ಟಿದ್ದಳು. ಸಿಟ್ಟಿನಲ್ಲಿರುವವರಿಗೆ ಮಾತನ್ನು ಪೂರ್ತಿ ಮಾಡುವಷ್ಟು ತಾಳ್ಮೆ ಎಲ್ಲಿರುತ್ತದೆ?

ಸಿಟ್ಟು ಯಾರ ಮೇಲೆ ಎಂದು ಹೇಳುವ ಮೊದಲು ನಮ್ಮ ಅತ್ತೆಯ ವಿಷಯ ಹೇಳಬೇಕು. ಹೆಸರು ಭೀಮಬಾಯಿ. ರಾವೂರಿನ ಕಲ್ಲುಗಣಿಯಲ್ಲಿ ಹಾಸುಗಲ್ಲು ಎತ್ತಿ, ಉಜ್ಜಿ, ಗಾಡಿಗೆ ಪೇರಿಸುತ್ತ ಮಕ್ಕಳನ್ನು ಬೆಳೆಸಿದವರು. ಕಟ್ಟಿಗೆ ಒಲೆಯ ಹೊಗೆ ಅವರಿಗೆ ದಮ್ಮಿನ ಕಾಯಿಲೆ ಕೊಟ್ಟಿತು. ಓಣಿಯಲ್ಲಿ ಒಮ್ಮೆ ಸಿಲಿಂಡರಿಗೆ ಬೆಂಕಿ ಹತ್ತಿದ್ದನ್ನು ಕಂಡ ಮೇಲೆ ಗ್ಯಾಸಿನ ಹತ್ತಿರವೂ ಸುಳಿಯಲಿಲ್ಲ. ಆಗ ಮನೆಗೆ ಬಂದದ್ದು ಈ ಇಂಡಕ್ಷನ್ ಒಲೆ. ಹೊಗೆಯಿಲ್ಲ, ಉರಿಯಿಲ್ಲ, ಮೂಲೆಯಲ್ಲಿ ದಪ್ಪನೆಯ ಗುಂಡಿಗಳು. ಒತ್ತಿದರೆ ಕಟ್ ಎಂದು ಸದ್ದು. ನಸುಕಿನಲ್ಲಿ ಎದ್ದು, ಯಾರನ್ನೂ ಎಬ್ಬಿಸದೆ, ತಮ್ಮ ಚಹಾ ತಾವೇ ಕಾಸಿಕೊಂಡು, ಬಾಗಿಲಲ್ಲಿ ಕುಳಿತು ಕುಡಿಯುವುದು ಅವರ ಸ್ವಾತಂತ್ರ್ಯವಾಗಿತ್ತು. ನಾನು ಹೈಸ್ಕೂಲಿನಲ್ಲಿ ಮಕ್ಕಳಿಗೆ ಸ್ವಾತಂತ್ರ್ಯದ ಮೇಲೆ ಪುಟಗಟ್ಟಲೆ ಪ್ರಬಂಧ ಬರೆಸಿದ್ದೇನೆ. ಅದು ಹೇಗಿರುತ್ತದೆ ಎಂದು ನೋಡಿದ್ದು ಮಾತ್ರ ಆ ಬಾಗಿಲಲ್ಲಿ.

ಬೇಸಿಗೆಯ ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂತು, ಬಂದು ಹೋಯಿತು. ಅಡುಗೆಮನೆಯಲ್ಲಿ ಫಟ್ಟೆಂದು ಸದ್ದಾಗಿ ಸುಟ್ಟ ವಾಸನೆ ಹಬ್ಬಿತು. ಅತ್ತೆ ಹೊರಗೆ ಬಂದು, “ಸುನಂದಾ, ಒಲಿ ಉಸುರು ಬಿಡ್ತು ನೋಡವಾ” ಎಂದರು.

ಕಂಪನಿಗೆ ಫೋನು ಹಚ್ಚಿದೆ. ‘ನಿಮ್ಮ ಕರೆ ನಮಗೆ ಅಮೂಲ್ಯವಾದುದು’ ಎಂದು ಮೃದುವಾದ ದನಿಯೊಂದು ಹೇಳಿ, ಆ ಅಮೂಲ್ಯವಾದುದನ್ನು ಪೆಟ್ಟಿಗೆಯಲ್ಲಿಟ್ಟವರ ಹಾಗೆ ಸಂಗೀತ ಕೇಳಿಸುತ್ತ ಕೂರಿಸಿತು. ಕೊನೆಗೆ ಸರ್ವಿಸ್ ಸೆಂಟರಿನಿಂದ ಒಬ್ಬ ಬಂದ. ಒಲೆಯ ಬೆನ್ನು ಬಿಚ್ಚಲಿಲ್ಲ. ಬೋರಲು ಮಲಗಿಸಿ, ಅಂಟಿಸಿದ್ದ ಚೀಟಿಯನ್ನಷ್ಟೇ ಓದಿದ. “ಇದು ಹಳೀ ಮಾಡೆಲ್ ಮೇಡಂ, ಸಾಮಾನು ಬರಂಗಿಲ್ಲ. ಇದನ್ನ ಕೊಟ್ಟು ಹೊಸಾದು ತಗೋರಿ” ಎಂದ. ರೋಗಿಯ ಕೈ ಹಿಡಿಯದೆ, ಹುಟ್ಟಿದ ವರ್ಷ ಕೇಳಿ ‘ಮಣ್ಣು ಮಾಡಿ’ ಎನ್ನುವ ವೈದ್ಯ!

ವಿಚಾರ ಮಾಡಿದರೆ ಈ ಒಲೆಯ ಸ್ವಭಾವವೂ ಅದೇ. ತಾನು ಬಿಸಿಯಾಗುವುದಿಲ್ಲ, ಮೇಲಿಟ್ಟ ಪಾತ್ರೆಯನ್ನು ಕಾಯಿಸುತ್ತದೆ. ಫೋನಿನ ಆ ದನಿ ಕಡೆಯವರೆಗೂ ತಣ್ಣಗಿತ್ತು, ಕುದಿದವಳು ನಾನು. ನನ್ನ ತವರಾದ ಸೇಡಮ್ಮಿಗೆ ಹೋಗುವಾಗ ಮಳಖೇಡದ ಕೋಟೆ ಕಾಣುತ್ತದೆ. ಬಿದ್ದ ಗೋಡೆಯ ಕಲ್ಲು ಬಿದ್ದಲ್ಲೇ ಇದೆ. ರಾಜರ ಮನೆಗೇ ರಿಪೇರಿ ಇಲ್ಲದ ಸೀಮೆಯಲ್ಲಿ ಭೀಮಬಾಯಿಯ ಒಲೆಯನ್ನು ಯಾರು ಕೇಳುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ನಮ್ಮ ಮನೆಯವರು ಶಾಂತಮೂರ್ತಿ. “ಅದಕ್ಯಾಕ ಇಷ್ಟು ರಾದ್ಧಾಂತ? ಹೊಸಾದು ತಂದ್ರಾತು” ಎಂದು ಸಂಜೆಗೇ ಹೊಸ ಒಲೆ ತಂದರು. ಕಪ್ಪು ಕನ್ನಡಿಯಂಥ ಒಲೆ. ಗುಂಡಿಯೇ ಇಲ್ಲ, ಬರಿಯ ಬೆಳಕಿನ ಚುಕ್ಕೆಗಳು. ನಾನು ಮುಟ್ಟಿದೆ, ಹತ್ತಿತು. ಅವರು ಮುಟ್ಟಿದರು, ಹತ್ತಿತು. ಅತ್ತೆ ಮುಟ್ಟಿದರು. ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿದರು. ಹೆಬ್ಬೆರಳು ಇಟ್ಟರು, ಕಿರುಬೆರಳು ಇಟ್ಟರು. ಬೆರಳನ್ನು ನೀರಲ್ಲಿ ಅದ್ದಿ ಇಟ್ಟಾಗ ಒಲೆ ಕೀಂ ಕೀಂ ಎಂದು ಕಿರುಚಿ, ಇದ್ದ ಬೆಳಕಿನ ಚುಕ್ಕೆಗಳೂ ಆರಿಹೋದವು. ಕಲ್ಲು ಉಜ್ಜಿ ಉಜ್ಜಿ ಅವರ ಬೆರಳ ತುದಿ ಕೊರಡಿನಂತಾಗಿದೆ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರವೂ ಅವರನ್ನು ಸತಾಯಿಸಿಯೇ ಕಾಳು ಕೊಡುವುದು. ಅಲ್ಲಿ ನಗುತ್ತಿದ್ದ ಅತ್ತೆ ಇಲ್ಲಿ ನಗಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು, “ನನ್ನ ಬೆರಳಾಗ ಜೀವ ಇಲ್ಲೇನವಾ?” ಎಂದರು.

ಓದುಗರೆ, ಆ ಮಾತಿಗೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆ ಕೈ ಎತ್ತಿ ಕೊಟ್ಟ ಕಲ್ಲು ಯಾವ ಯಾವ ಊರಿನ ಮನೆಗಳಲ್ಲಿ ನೆಲವಾಗಿದೆಯೋ! ಅಂಥ ನೆಲದ ಮೇಲೆ ಕುರ್ಚಿ ಹಾಕಿ ಕುಳಿತು ಯಾರೋ ಒಬ್ಬರು ಒಲೆಯ ಚಿತ್ರ ಬರೆದಿದ್ದಾರೆ. ಬರೆಯುವಾಗ ಅವರಿಗೆ ತಮ್ಮ ಮೆತ್ತನೆಯ ಬೆರಳಷ್ಟೇ ನೆನಪಿತ್ತು. ಮರುದಿನದಿಂದ ಅತ್ತೆ ನಸುಕಿನಲ್ಲಿ ಎದ್ದು ಸುಮ್ಮನೆ ಕೂರತೊಡಗಿದರು. ನಾನು ಎದ್ದು ಚಹಾ ಮಾಡಿಕೊಟ್ಟರೆ, “ಬ್ಯಾಡಿತ್ತವಾ, ಮಲಗಬೇಕಿಲ್ಲೇನು” ಎನ್ನುವರು. ತಡವಾದರೆ ಕೇಳುತ್ತಿರಲಿಲ್ಲ. ಕೇಳದೆ ಕೂತವರನ್ನು ನೋಡುವುದು ಕಷ್ಟ.

ಹಾಗಾಗಿ ಶಾಲು, ಹಾಗಾಗಿ ಶಹಾಬಾದ್. ಅಲ್ಲಿ ಖಾಜಾ ಭಾಯಿ ಎಂಬವರ ರಿಪೇರಿ ಅಂಗಡಿ ಇದೆ. ಅವರು ನನಗಿಂತ ಸಿಟ್ಟಿನ ಮನುಷ್ಯ. ಒಲೆ ಕಂಡೊಡನೆ ಕೈ ಮುಗಿದರು.

“ಬ್ಯಾಡ ಅಕ್ಕೋರೆ. ಇಂಡಕ್ಷನ್ ರಿಪೇರಿ ಅಂದ್ರ ತಲಿಬ್ಯಾನಿ. ಮಾಡಿ ಕೊಡ್ತೀನಿ, ಮತ್ತ ಹೋಗ್ತದ, ಬಂದು ನನಗ ಬೈತೀರಿ. ಹೊಸಾದು ತಗೋರಿ.”

“ಹೊಸಾದು ಮನ್ಯಾಗ ಅದರೀ!” ಎಂದು ನಾನು ಕೂಗಿದ್ದಕ್ಕೆ ಎದುರಿನ ಅಂಗಡಿಯವರು ಇಣುಕಿ ನೋಡಿದರು. ಅತ್ತೆಯ ಬೆರಳಿನ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದೆ. ಖಾಜಾ ಭಾಯಿ ಒಲೆಯನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿದರು. ಒಳಗೆ ನಮ್ಮೂರ ಕಾರ್ಖಾನೆಯ ಸಿಮೆಂಟಿನ ಧೂಳು, ಹಿಟ್ಟು, ಜಿರಳೆಗಳ ಒಂದು ಸಂಸಾರ. ಫ್ಯಾನು ತಿರುಗದಂತೆ ಕಸ ಕಟ್ಟಿತ್ತು.

“ಇದರ ಕೆಳಗ ಬಟ್ಟಿ ಹಾಸಿರ್ತೀರಿ ಹೌದಲ್ಲ? ಉಸುರು ಎಲ್ಲಿಂದ ತಗೋಬೇಕ್ರೀ ಇದು?” ಈಗ ಬೈಸಿಕೊಳ್ಳುವ ಸರದಿ ನನ್ನದು. ಸಾವಕಾಶವಾಗಿ ಗಾಜು ನೋಡಿದರು, ಬಿರುಕಿಲ್ಲ. ತಾಮ್ರದ ಸುರುಳಿ ನೋಡಿದರು, ಸುಟ್ಟಿಲ್ಲ. “ಗಾಜು ಒಡೆದಿದ್ರ ನಾ ಮುಟ್ಟತಿದ್ದಿಲ್ಲ. ಹಾಲು ಉಕ್ಕಿ ಒಳಗ ಇಳೀತು ಅಂದ್ರ ಜೀವಕ್ಕ ಅಪಾಯ. ಬೋರ್ಡು ಪೂರಾ ಕರಗಿದ್ರೂ ಬಿಡ್ರಿ ಅಂತಿದ್ದೆ. ಇದರಾಗ ಫ್ಯೂಜ್ ಹೋಗ್ಯಾದ, ದೊಡ್ಡ ಟ್ರಾನ್ಸಿಸ್ಟರ್ ಹೋಗ್ಯಾದ. ಬದಲಿ ಸಿಗ್ತಾವ.”

ಕೇಳುತ್ತ ನನಗೆ ಕೌದಿ ನೆನಪಾಯಿತು. ನಮ್ಮ ಕಡೆ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದು ಕೌದಿ ಮಾಡುವವರು ಪ್ರತಿ ಬಟ್ಟೆಯನ್ನೂ ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡುತ್ತಾರೆ. ಸೂಜಿ ತಾಳುವಷ್ಟು ಗಟ್ಟಿಯಿದ್ದರೆ ಒಳಗೆ, ಪಿಸಿದರೆ ಹೊರಗೆ. ಬಟ್ಟೆಯ ಮೇಲಿನ ಮಮತೆಗೆ ಅಲ್ಲಿ ಜಾಗವಿಲ್ಲ. ಆದರೆ ಜಗ್ಗಿ ನೋಡದೆ ಎಸೆಯುವುದೂ ಇಲ್ಲ. ನಮ್ಮ ಮನೆಗೆ ಬಂದು ಚೀಟಿ ಓದಿ ಹೋದವನ ಮೇಲೆ ನನಗಿದ್ದ ತಕರಾರು ಇದೇ: ಅವನು ಜಗ್ಗಿ ನೋಡಲಿಲ್ಲ.

ಒಲೆ ಮನೆಗೆ ಬಂತು, ಅತ್ತೆ ಗುಂಡಿ ಒತ್ತಿದರು, ಕಟ್ ಎಂದಿತು. ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ವಾರ ತುಂಬುವುದರೊಳಗೆ ಅಡುಗೆಮನೆಯ ತನ್ನ ಹಳೆಯ ಮೂಲೆಯಲ್ಲೇ ಒಲೆ ಮತ್ತೆ ಸುಮ್ಮನಾಯಿತು. ಮತ್ತೆ ಬಸ್ಸು. ದಾರಿಯುದ್ದಕ್ಕೂ ಖಾಜಾ ಭಾಯಿಗೆ ಹೇಳಬೇಕಾದ ಮಾತುಗಳನ್ನು ಮಸೆಯುತ್ತ ಹೋದೆ. ಅವರು ಒಲೆಯ ಪ್ಲಗ್ಗನ್ನು ತಮ್ಮ ಗೋಡೆಗೆ ಚುಚ್ಚಿದರು. ಮುದ್ದಾಗಿ ಹತ್ತಿ ನೀರು ಕುದಿಸಿತು. ಮಸೆದ ಮಾತುಗಳೆಲ್ಲ ನನ್ನ ಬಾಯಲ್ಲೇ ಮೊಂಡಾದವು.

“ಅಕ್ಕೋರೆ, ಒಲಿ ಆರಾಮ ಅದ. ಜಡ್ಡು ನಿಮ್ಮ ಗ್ವಾಡಿಗೆ ಬಂದದ. ಪ್ಲಗ್ಗಿನ ಜಾಗಾ ಬಿಚ್ಚಿಸಿ ನೋಡ್ರಿ.”

ಮನೆಗೆ ಬಂದು ವೈರಿಂಗಿನವನನ್ನು ಕರೆಸಿ ಬಿಚ್ಚಿಸಿದರೆ ಸಾಕೆಟ್ಟಿನ ಒಳಗೆಲ್ಲ ಕರ್ರಗೆ ಕರಗಿತ್ತು. ತೆಳ್ಳನೆಯ ತಂತಿ, ಪ್ಲಗ್ಗು ಕೂರುವಲ್ಲಿ ಸಡಿಲಾದ ಕಚ್ಚು, ಒಳಗೊಳಗೇ ಕಿಡಿ. “ಮೊದಲ ಸಲ ಒಲಿ ಸುಟ್ಟದ್ದೂ ಇದರಿಂದನ ಇರಬೇಕ್ರಿ” ಎಂದ ಅವನು. ಹೊಸ ಒಲೆ ಬೇರೆ ಮೂಲೆಯಲ್ಲಿದ್ದದ್ದರಿಂದ ಬದುಕಿತ್ತು. ಇಲ್ಲಿಟ್ಟಿದ್ದರೆ ಅದಕ್ಕೂ ಇದೇ ಗತಿ. ಮನೆ ಕಟ್ಟುವಾಗ “ನಡೀತದ ಬಿಡ್ರಿ” ಎಂದು ಈ ತಂತಿ ಎಳೆಸಿದವರು ನಮ್ಮ ಶಾಂತಮೂರ್ತಿಗಳೇ. ಈಗ ಪೇಪರು ಮುಖಕ್ಕೆ ಹಿಡಿದುಕೊಂಡು ಕುಳಿತಿದ್ದರು. ನಾನು ಬೈದದ್ದು ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಅಕ್ಕಪಕ್ಕದವರಿಗೆಲ್ಲ ಗೊತ್ತಿದೆ. ಈ ಮನುಷ್ಯರ ‘ನಡೀತದ ಬಿಡ್ರಿ’ ಮತ್ತು ಕಂಪನಿಯವರ ‘ಎಸೆದುಬಿಡ್ರಿ’ ಎರಡೂ ಒಂದೇ ತಾಯಿಯ ಮಕ್ಕಳು. ಯಾರಿಗೂ ಬಿಚ್ಚಿ ನೋಡುವ ವ್ಯವಧಾನವಿಲ್ಲ.

ದಪ್ಪ ತಂತಿ, ಗಟ್ಟಿ ಸಾಕೆಟ್ಟು ಬಂದವು. ಹಳೆಯ ಒಲೆ ನಾಳೆ ಮತ್ತೆ ಕೈ ಕೊಡಬಹುದು; ಗಾಜು ಒಡೆದ ದಿನ ನಾನೇ ಅದನ್ನು ಗುಜರಿಗೆ ಹಾಕುತ್ತೇನೆ. ಅಲ್ಲಿಯವರೆಗೆ ಅದು ಅತ್ತೆಯದು.

ಮರುದಿನ ನಸುಕಿನಲ್ಲಿ ಅವರು ಚಹಾ ಮಾಡಿ, ಕಪ್ಪಿನಿಂದ ಸುರಿದು ನನಗೂ ಒಂದು ಬಸಿ ತುಂಬ ಕೊಟ್ಟರು. ಬಾಗಿಲಲ್ಲಿ ಪಕ್ಕದಲ್ಲೇ ಕುಳಿತೆ. ಮೊಬೈಲು ಟಿಣ್ ಎಂದಿತು. ಕಂಪನಿಯ ಸಂದೇಶ: ನಮ್ಮ ಸೇವೆ ತಮಗೆ ಎಷ್ಟು ತೃಪ್ತಿ ತಂದಿದೆ, ನಕ್ಷತ್ರಗಳಲ್ಲಿ ತಿಳಿಸಿ. ಆರಿದ್ದ ಬೆಂಕಿ ಭಗ್ಗೆಂದಿತು. ಬಸಿ ಕೆಳಗಿಟ್ಟು, ಕನ್ನಡಕ ಹುಡುಕಿ, ಉತ್ತರ ಬರೆಯಲು ಎದ್ದೆ.

ಅತ್ತೆ ಸೆರಗು ಹಿಡಿದು ಕೂರಿಸಿದರು.

“ಮೊದಲು ಕುಡಿಯವಾ. ಸಿಟ್ಟು ಆರಂಗಿಲ್ಲ, ಚಾ ಆರ್ತದ.”