ಹದಿನಾಲ್ಕನೇ ವಾರ್ಡಿನ ಡಾಕ್ಟರ್ ಮೇಡಂ

ಕಾನಹೊಸಹಳ್ಳಿಯಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುತ್ತಿದ್ದ ಮಾಬುಸಾಬರ ಮಗಳು ಮುಬಶ್ಶಿರ ಆರು ವರ್ಷ ಕಣ್ಣು ಸವೆಸಿ ರಾಜ್ಯಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದಳು. ವಿಷಯ, ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರ ಪಾತ್ರ. ಡಾಕ್ಟರ್ ಆದ ಸುದ್ದಿ ಹಬ್ಬಿದ್ದೇ ತಡ, ಓಣಿಯವರು ಮಂಡಿನೋವು, ಕೆಮ್ಮು ಹೊತ್ತು ಬಂದರು. ಗುಳಿಗೆ ಬರೆದುಕೊಡಲು ಬಾರದ ಡಾಕ್ಟರೆಂದು ತಿಳಿದು ಮರುಕಪಟ್ಟು ಹೋದರು. ಸರ್ಕಾರವೂ ಅಷ್ಟೇ ಮರುಕದಿಂದ ಅವಳನ್ನು ಹನ್ನೊಂದು ವರ್ಷ ಅತಿಥಿ ಉಪನ್ಯಾಸಕಿಯಾಗಿ ಇರಿಸಿಕೊಂಡಿತು. ಅತಿಥಿಯಾದವರು ಮನೆಯವರಾಗಲು ಆಸೆಪಡಬಾರದಲ್ಲ!

ಮದುವೆಯಾಗಿ ಬಂದ ಪಟ್ಟಣದಲ್ಲಿ ಅವಳ ವಾರ್ಡು ಮಹಿಳೆಗೆ ಮೀಸಲಾಯಿತು. ಹತ್ತು ವರ್ಷ ಬ್ಯಾನರ್ ಕಟ್ಟಿದ್ದ ಮುಖಂಡ ದುರದೃಷ್ಟಕ್ಕೆ ಬ್ರಹ್ಮಚಾರಿ, ನಿಲ್ಲಿಸಲು ಹೆಂಡತಿಯಿಲ್ಲ. ಹೀಗಾಗಿ ಟಿಕೆಟ್ಟು ಓದಿದವಳ ಪಾಲಾಯಿತು. ಗೆದ್ದೂ ಬಿಟ್ಟಳು.

ಮೊದಲ ಸಭೆಗೆ ಹೋದಾಗ ಪುರಸಭೆಯ ಮುಖ್ಯಾಧಿಕಾರಿ ಎದ್ದು ನಿಂತರು.

"ಬರ್ರಿ ಮೇಡಂ. ಯಜಮಾನ್ರು ಎಲ್ಲಿ ಅದಾರ್ರಿ?"

"ಸದಸ್ಯೆ ನಾನ ಅದೀನ್ರಿ."

"ಅದು ಗೊತ್ತೈತ್ರಿ. ಸಭಾದಾಗ ಕುಂದ್ರೋರು ಯಾರು ಅಂತ ಕೇಳಿದ್ನಿ."

ಒಳಗೆ ನೋಡಿದರೆ ಮಹಿಳಾ ಸದಸ್ಯರ ಕುರ್ಚಿಗಳಲ್ಲೆಲ್ಲ ಮೀಸೆಗಳು. ಮುಬಶ್ಶಿರ ಪಾಠದ ರೂಢಿಯಂತೆ ನಡಾವಳಿ ಪುಸ್ತಕ ಎಳೆದುಕೊಂಡು ಹಾಜರಿ ಕರೆದಳು.

"ಹೊನ್ನೂರಮ್ಮ?"

"ಅದೀನ್ರಿ!" ಎಂದ ಆಕೆಯ ಗಂಡ ಗುರುಸಂಗಪ್ಪ. ಸಭೆ ಗೊಳ್ಳೆಂದಿತು.

"ಹಂಗಾದ್ರ ಇದರಾಗ ನಿಮ್ಮ ಹೆಸರೇ ಬರೀತೀನಿ, ಗುರುಸಂಗಪ್ಪಣ್ಣಾರ. ಜಿಲ್ಲಾಧಿಕಾರಿಗಳೂ ಓದಲಿ."

ನಗು ನಿಂತಿತು. ಅವಳು ಬರೆದಳು, ಕಳಿಸಿದಳು. ತಿಂಗಳಲ್ಲಿ ನೋಟಿಸು ಬಂತು. ಮುಂದಿನ ಸಭೆಯ ಹೊತ್ತಿಗೆ ಗಂಡಂದಿರು ಎದುರಿನ ಚಹಾ ಅಂಗಡಿಗೆ ವರ್ಗವಾಗಿದ್ದರು. ರೇಷ್ಮೆ ಸೀರೆಯುಟ್ಟ ಹೆಂಡತಿಯರು ಕುರ್ಚಿಯಲ್ಲಿ, ಮಡಿಲಲ್ಲಿ ಎಡೆಬಿಡದೆ ಗುಂಯ್‌ಗುಡುವ ಮೊಬೈಲು. ಮೂರನೇ ಸಲ ಗುಂಯ್ ಅಂದಾಗ ಹೊನ್ನೂರಮ್ಮ ತನ್ನದನ್ನು ಆಫ್ ಮಾಡಿದಳು.

"ಮನ್ಯಾಗೂ ಇದ ಗದ್ದಲ, ಇಲ್ಲೂ ಇದನಾ? ನಮ್ಮ ಓಣಿಗೆ ಎಂಟು ದಿನಕ್ಕೊಮ್ಮಿ ನೀರು ಯಾಕ್ರಿ? ಮೊದಲ ಅದನ್ನ ಹೇಳ್ರಿ."

ಮುಬಶ್ಶಿರಳ ಕಣ್ಣು ಹನಿಗೂಡಿತು. ಇಂಥದೊಂದು ಸಾಲು ಅವಳ ಮಹಾಪ್ರಬಂಧದ ಮುನ್ನೂರು ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಮುಂದಿನ ಅವಧಿಯ ಅಧ್ಯಕ್ಷಗಿರಿ ಮಹಿಳೆಗೇ ಬಂತು. ಸದಸ್ಯೆಯರೆಲ್ಲ ಡಾಕ್ಟರ್ ಮೇಡಮ್ಮಿಗೆ ಋಣಿಗಳು. ಎಷ್ಟು ಋಣಿಗಳೆಂದರೆ, ಎಲ್ಲರೂ ಸೇರಿ ಹೊನ್ನೂರಮ್ಮನಿಗೆ ಕೈ ಎತ್ತಿದರು.

"ಸಿಟ್ಟಾಗಬ್ಯಾಡ್ರಿ ಮೇಡಂ," ಎಂದಳು ಒಬ್ಬಳು. "ನೀವು ಭಾಳ ಓದೀರಿ. ನೀವು ಅಲ್ಲಿ ಕುಂತ್ರ ನಮಗ ಪರೀಕ್ಷಿಗೆ ಕುಂತಂಗ ಆಕ್ಕೈತಿ."

ಮುಬಶ್ಶಿರ ಎರಡು ದಿನ ಪುರಸಭೆಯ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಅಧ್ಯಕ್ಷೆಯೇ ಫೈಲುಗಳನ್ನು ಅವುಚಿಕೊಂಡು ಮನೆಗೆ ಬಂದಳು.

"ನಮ್ಮನಿಯವರು ಸುಮ್ನ ಸೈನ್ ಮಾಡು ಅಂತಾರ. ನಾ ಒಲ್ಲೆ ಅಂದೀನಿ. ಏನ್ ಬರದೈತಿ, ಓದಿ ಹೇಳ್ರಿ."

ಮುಬಶ್ಶಿರ ಬಿಗುಮಾನದಿಂದಲೇ ಮೊದಲ ಫೈಲು ತೆರೆದಳು. ಹೊನ್ನೂರಮ್ಮನ ಓಣಿಗೆ ಹೊಸ ಪೈಪ್‌ಲೈನ್ ಹಾಕಿ ಮುಗಿದಿದೆ ಎಂದಿತ್ತು.

"ನಮ್ಮ ಓಣಿಗಾ? ಎಲ್ಲೈತ್ರಿ ಅದು?" ಎಂದಳು ಹೊನ್ನೂರಮ್ಮ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಫೈಲು ಸಹಿಯಿಲ್ಲದೆ ಹಿಂದಕ್ಕೆ ಹೋಯಿತು. ಮಳೆಗಾಲದೊಳಗೆ ಪೈಪು ನಿಜವಾಗಿಯೂ ಭೂಮಿಗಿಳಿಯಿತು. ಮೂರು ದಿನಕ್ಕೊಮ್ಮೆ ನೀರು ಬರತೊಡಗಿತು. ಪತ್ರಿಕೆಯಲ್ಲಿ ನಲ್ಲಿ ತಿರುಗಿಸುತ್ತಿರುವ ಗುರುಸಂಗಪ್ಪನ ಫೋಟೋ ಅಚ್ಚಾಯಿತು.